ಎಣ್ಣೆಯ ಉಳಿತಾಯ: ಡಬ್ಬದಿಂದ ದೀಪದವರೆಗೆ

1

ಕನ್ನಡಿಗರು ಸೀಮೆಎಣ್ಣೆಗೆ ಇಟ್ಟುಕೊಂಡ ಹೆಸರುಗಳಲ್ಲಿಯೇ ಅದರ ಚರಿತ್ರೆ ಸ್ವಲ್ಪಮಟ್ಟಿಗೆ ಅಡಗಿದೆ. ಹಳೆಯ ಮೈಸೂರಿನ ಕಡೆ ಅದು ‘ಸೀಮೆಎಣ್ಣೆ’. ಸೀಮೆಸುಣ್ಣದಂತೆ, ಸೀಮೆಬದನೆಯಂತೆ ಹೊರನಾಡಿನಿಂದ ಬಂದ ವಸ್ತು. ಉತ್ತರ ಕರ್ನಾಟಕದಲ್ಲಿ ಅದು ‘ಚಿಮಣಿ ಎಣ್ಣೆ’. ಚಿಮಣಿಯೆಂಬ ದೀಪಕ್ಕೆ ಹಾಕುವುದರಿಂದ ಆ ಹೆಸರು. ಮುಂಬಯಿ, ಪುಣೆಗಳಿಗೆ ಬಂದು ನೆಲೆಸಿದವರ ಕಿವಿಗೆ ಬಿದ್ದುದು ಮರಾಠಿಯ ‘ರಾಕೇಲ್’. ಹೆಸರುಗಳು ಮೂರಾದರೂ ಒಂದೂ ಅದನ್ನು ನೆಲದ ವಸ್ತುವೆಂದು ಹೇಳುವುದಿಲ್ಲ.

ಅದಕ್ಕೆ ಮುಂಚೆ ನಾಡಿನ ದೀಪಗಳು ಉರಿಯುತ್ತಿದ್ದುದು ಹರಳೆಣ್ಣೆ, ಹೊಂಗೆಎಣ್ಣೆ, ಹಿಪ್ಪೆಎಣ್ಣೆಗಳಿಂದ. ಆ ವ್ಯವಸ್ಥೆಯಲ್ಲಿ ಎಸೆಯುವಂಥದು ಬಹು ಕಡಮೆಯಿತ್ತು. ಬೀಜವನ್ನು ಗಾಣದಲ್ಲಿ ಅರೆದರೆ ಎಣ್ಣೆ ದೀಪಕ್ಕೆ ಬಂದಿತು. ಹೊಂಗೆಯ ಹಿಂಡಿ ಗೊಬ್ಬರವಾಗಿ ಹೊಲಕ್ಕೆ ಹೋಯಿತು. ಹರಳೆಣ್ಣೆಯ ದೀಪದ ಮಸಿಯೂ ಮಕ್ಕಳ ಕಣ್ಣಿಗೆ ಕಾಡಿಗೆಯಾಯಿತು. ಇದನ್ನು ಯಾರೂ ಮಿತವ್ಯಯವೆಂದು ಕರೆಯಲಿಲ್ಲ. ಮನೆವಾರ್ತೆ ನಡೆಯುತ್ತಿದ್ದ ರೀತಿಯೇ ಅದಾಗಿತ್ತು.

ಇಂದು ಭಾರತವು ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚನ್ನು ಹೊರದೇಶಗಳಿಂದ ತರಿಸುತ್ತದೆ. ಆದುದರಿಂದ ಎಣ್ಣೆಯನ್ನು ಉಳಿಸಿರಿ, ಬಳಸಿದುದನ್ನು ಮರಳಿ ಬಳಸಿರಿ ಎಂಬ ಉಪದೇಶ ಎಲ್ಲ ಕಡೆಯಿಂದಲೂ ಕೇಳಿಬರುತ್ತಿದೆ. ಆದರೆ ಈ ಉಪದೇಶವು ಹೊಸತಲ್ಲ. ಕಳೆದ ನೂರು ನೂರೈವತ್ತು ವರ್ಷಗಳಲ್ಲಿ ಅದನ್ನು ಬೇರೆ ಬೇರೆ ಸಂದರ್ಭಗಳಲ್ಲಿ ಹೇಳಿದ್ದಾರೆ. ಜನರು ಕೆಲವು ಸಲ ನಡೆಸಿದ್ದಾರೆ, ಕೆಲವು ಸಲ ಮರೆತಿದ್ದಾರೆ. ಯಾವ ಉಳಿತಾಯ ನಿಂತಿತು, ಯಾವುದು ನಿಲ್ಲಲಿಲ್ಲ, ಅದಕ್ಕೆ ಕಾರಣವೇನು ಎಂಬುದನ್ನು ಕೆಲವು ಪ್ರಸಂಗಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

2

ಮೊದಲ ಪ್ರಸಂಗ ಎಣ್ಣೆಯದಲ್ಲ, ಎಣ್ಣೆಯ ಡಬ್ಬದ್ದು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಸೀಮೆಎಣ್ಣೆ ಏಷ್ಯದ ಬಂದರುಗಳಿಗೆ ತಗಡಿನ ಡಬ್ಬಗಳಲ್ಲಿ ಬರುತ್ತಿತ್ತು. ಸುಮಾರು 19 ಲೀಟರು ಹಿಡಿಯುವ ಎರಡೆರಡು ಡಬ್ಬಗಳನ್ನು ಒಂದೊಂದು ಮರದ ಪೆಟ್ಟಿಗೆಯಲ್ಲಿಟ್ಟು ಹಡಗಿಗೆ ಏರಿಸುತ್ತಿದ್ದರು. ರಾಕ್‌ಫೆಲರನ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ನೀಲಿ ಡಬ್ಬ ಆ ಕಾಲದ ಪೇಟೆಗಳಲ್ಲಿ ಎಲ್ಲರಿಗೂ ಪರಿಚಿತವಾಗಿತ್ತು.

ಈ ವ್ಯಾಪಾರಕ್ಕೆ ಲಂಡನ್ನಿನ ವರ್ತಕ ಮಾರ್ಕಸ್ ಸ್ಯಾಮ್ಯುಯೆಲ್ ಎದುರಾಳಿಯಾಗಿ ನಿಂತನು. ಡಬ್ಬಕ್ಕೂ ಪೆಟ್ಟಿಗೆಗೂ ತಗಲುವ ವೆಚ್ಚವನ್ನು ಉಳಿಸಿದರೆ ಎಣ್ಣೆಯನ್ನು ಅಗ್ಗವಾಗಿ ಮಾರಬಹುದೆಂಬುದು ಅವನ ಲೆಕ್ಕ. ರಷ್ಯದ ಎಣ್ಣೆಯನ್ನು ಹಡಗಿನ ಒಡಲಿನಲ್ಲಿಯೇ ತುಂಬಿ ತರುವ ‘ಮ್ಯೂರೆಕ್ಸ್’ ಎಂಬ ನೌಕೆಯನ್ನು ಅವನು ಕಟ್ಟಿಸಿದನು. 1892ರಲ್ಲಿ ಅದು ಸುಯೆಜ್ ಕಾಲುವೆಯನ್ನು ದಾಟಿ ಪೂರ್ವಕ್ಕೆ ಬಂದಿತು. ಮುಂದೆ ಶೆಲ್ ಕಂಪನಿಯಾಗಿ ಬೆಳೆದುದು ಈ ವ್ಯಾಪಾರವೇ. ಊರಿನ ಜನರು ತಮ್ಮ ತಮ್ಮ ಪಾತ್ರೆಗಳನ್ನು ತಂದು ಎಣ್ಣೆಯನ್ನು ಅಳೆಯಿಸಿಕೊಂಡು ಹೋಗುವರೆಂದು ಅವನ ನಂಬಿಕೆಯಾಗಿತ್ತು.

ಆದರೆ ಜನರು ಬರಲಿಲ್ಲ. ಎಣ್ಣೆ ಅಗ್ಗವಾಗಿತ್ತು, ಡಬ್ಬ ಇರಲಿಲ್ಲ. ಏಷ್ಯದ ಗಿರಾಕಿಗೆ ಡಬ್ಬವೆಂದರೆ ಎಣ್ಣೆಯನ್ನು ಸುತ್ತಿದ ಹೊದಿಕೆಯಲ್ಲ. ಎಣ್ಣೆಯಷ್ಟೇ ಬೆಲೆಯುಳ್ಳ ವಸ್ತು. ಅದನ್ನು ಬಿಚ್ಚಿ ಹಾಸಿದರೆ ಮನೆಯ ಸೂರಿಗೆ ತಗಡಾಗುತ್ತಿತ್ತು. ಬಾಯಿ ಕತ್ತರಿಸಿ ಹಿಡಿ ಹಾಕಿದರೆ ನೀರಿನ ಬಕೀಟಾಗುತ್ತಿತ್ತು. ಲೋಟ, ಒಲೆ, ಸೋಸುವ ಜಾಲರಿ, ಹಕ್ಕಿಯ ಪಂಜರ ಎಲ್ಲವೂ ಅದರಿಂದಲೇ ಹುಟ್ಟುತ್ತಿದ್ದುವು. ತಪ್ಪನ್ನು ತಿಳಿದುಕೊಂಡ ಸ್ಯಾಮ್ಯುಯೆಲನು ಹಡಗಿನ ತುಂಬ ತಗಡನ್ನು ಕಳುಹಿಸಿ, ಬಂದರುಗಳಲ್ಲಿಯೇ ಡಬ್ಬಗಳನ್ನು ಮಾಡಿಸಿ, ಅವಕ್ಕೆ ಕೆಂಪು ಬಣ್ಣ ಬಳಿಸಿದನು. ಹೊಚ್ಚ ಹೊಸ ಕೆಂಪು ಡಬ್ಬದ ಮುಂದೆ, ದೂರದ ಪ್ರಯಾಣದಲ್ಲಿ ತುಕ್ಕು ಹಿಡಿದ ನೀಲಿ ಡಬ್ಬ ಮಂಕಾಯಿತು.

ಕನ್ನಡ ನಾಡಿನ ಮನೆಗಳಲ್ಲಿಯೂ ‘ಸೀಮೆಎಣ್ಣೆ ಡಬ್ಬ’ಕ್ಕೆ ಇದೇ ಗತಿ, ಇದೇ ಸದ್ಗತಿ. ಅಕ್ಕಿ ಬೇಳೆ ತುಂಬುವುದಕ್ಕೂ, ಬಚ್ಚಲಿಗೆ ನೀರು ಹೊರುವುದಕ್ಕೂ, ತುಳಸಿಯ ಗಿಡ ನೆಡುವುದಕ್ಕೂ ಅದು ಒದಗಿತು. ಮುಂಬಯಿಯ ಜೋಪಡಿಗಳ ಗೋಡೆಗಳಲ್ಲಿ ಚಪ್ಪಟೆ ಮಾಡಿದ ಡಬ್ಬಗಳು ಬಹುಕಾಲ ಕಾಣುತ್ತಿದ್ದುವು.

ಈ ಪ್ರಸಂಗದಿಂದ ತಿಳಿಯುವುದು ಇಷ್ಟು: ಡಬ್ಬವನ್ನು ಎಸೆಯಬಾರದೆಂದು ಯಾರೂ ಬೋಧಿಸಲಿಲ್ಲ. ಅದಕ್ಕೆ ಬೆಲೆಯಿತ್ತು, ಅದನ್ನು ಕತ್ತರಿಸಿ ಬೆಸೆಯಬಲ್ಲ ತಗಡಿನ ಕೆಲಸಗಾರನು ಬೀದಿಯ ಮೂಲೆಯಲ್ಲಿದ್ದನು, ಅದನ್ನು ಕೊಳ್ಳುವವನೂ ಇದ್ದನು. ಬೆಲೆ, ಕೆಲಸಗಾರ, ಗಿರಾಕಿ ಈ ಮೂವರೂ ಕೂಡಿದಲ್ಲಿ ಮರುಬಳಕೆಗೆ ಬೇರೆ ಪ್ರೇರಣೆ ಬೇಕಾಗಲಿಲ್ಲ.

3

ಎರಡನೆಯ ಪ್ರಸಂಗ ಯುದ್ಧಕಾಲದ್ದು. ಎರಡನೆಯ ಮಹಾಯುದ್ಧದಲ್ಲಿ ಹಡಗುಗಳ ಅಭಾವದಿಂದ 1941ರಲ್ಲಿ ಭಾರತದಲ್ಲಿ ಪೆಟ್ರೋಲಿಗೆ ರೇಷನ್ ಬಂದಿತು. ಮರುವರ್ಷ ಜಪಾನಿನ ಸೈನ್ಯ ಬರ್ಮಾವನ್ನು ಹೊಕ್ಕಿತು. ಭಾರತಕ್ಕೆ ಸೀಮೆಎಣ್ಣೆಯನ್ನೂ ಪೆಟ್ರೋಲನ್ನೂ ಬಹುವಾಗಿ ಒದಗಿಸುತ್ತಿದ್ದ ಬರ್ಮಾದ ತೈಲಕೇಂದ್ರಗಳು ಶತ್ರುವಿನ ಕೈಸೇರಬಾರದೆಂದು, ಹಿಂದೆ ಸರಿಯುತ್ತಿದ್ದ ಬ್ರಿಟಿಷರು 1942ರ ಏಪ್ರಿಲಿನಲ್ಲಿ ಯೆನಾನ್‌ಜಾಂಗಿನ ಬಾವಿಗಳನ್ನು ತಾವೇ ಹಾಳುಗೆಡಹಿದರು. ಸ್ವದೇಶದಲ್ಲಿ ಉಳಿದುದು ಅಸ್ಸಾಮಿನ ಡಿಗ್ಬಾಯಿ, ಪಂಜಾಬಿನ ಅಟಕ್ ಮುಂತಾದ ಸಣ್ಣ ನೆಲೆಗಳು ಮಾತ್ರ.

ಆಗ ರಸ್ತೆಗೆ ಬಂದುದು ಇದ್ದಿಲಿನ ಬಸ್ಸು. ಮೈಸೂರು ಸೀಮೆ, ಮಲೆನಾಡು, ದಕ್ಷಿಣ ಕನ್ನಡಗಳ ಹಿರಿಯರು ಅದನ್ನು ಬಹುಕಾಲ ನೆನೆಯುತ್ತಿದ್ದರು. ಬಸ್ಸಿನ ಬೆನ್ನಿಗೆ ಉದ್ದನೆಯ ಕಬ್ಬಿಣದ ಕೊಳವಿಯೊಂದನ್ನು ಕಟ್ಟಿ, ಅದರೊಳಗೆ ಇದ್ದಿಲನ್ನು ತುಂಬಿ, ಸಾಕಷ್ಟು ಗಾಳಿ ದೊರೆಯದಂತೆ ಉರಿಸುತ್ತಿದ್ದರು. ಹಾಗೆ ಅರೆಬರೆ ಉರಿದ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಉರಿಯಬಲ್ಲ ಅನಿಲ ಹುಟ್ಟುತ್ತದೆ. ಅದನ್ನು ತಣ್ಣಗೆ ಮಾಡಿ, ಬೂದಿಯನ್ನು ಸೋಸಿ, ಪೆಟ್ರೋಲಿನ ಬದಲು ಎಂಜಿನ್ನಿಗೆ ಬಿಡುತ್ತಿದ್ದರು. ಹೊರಡುವುದಕ್ಕೆ ಬಹಳ ಮುಂಚೆಯೇ ಕ್ಲೀನರನು ತಿದಿಯ ಚಕ್ರವನ್ನು ತಿರುಗಿಸಿ ಬೆಂಕಿಯನ್ನು ಎಬ್ಬಿಸಬೇಕಾಗಿತ್ತು. ಎಂಜಿನ್ನಿನ ಬಲ ಮೂರರಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಾಗಿ ಕುಗ್ಗುತ್ತಿತ್ತು. ಏರುದಾರಿ ಬಂದರೆ ಪ್ರಯಾಣಿಕರು ಇಳಿದು ನೂಕಬೇಕಾಗುತ್ತಿತ್ತು.

ಈ ಏರ್ಪಾಡಿನಲ್ಲಿ ಪೆಟ್ರೋಲು ಉಳಿದುದು ನಿಜ. ಆದರೆ ಆ ಉಳಿತಾಯಕ್ಕೆ ಬೆಲೆ ತೆತ್ತವು ಕಾಡುಗಳು. ಒಂದು ಕಡೆ ಬರೆದ ಜಮಾ ಇನ್ನೊಂದು ಕಡೆಯ ಖರ್ಚಾಗಿತ್ತು. ಮನೆಗಳಲ್ಲಿಯೂ ಸೀಮೆಎಣ್ಣೆ ‘ಕಂಟ್ರೋಲ್’ ಅಂಗಡಿಯ ಸರಕಾಯಿತು. ಎಷ್ಟೋ ಕಡೆ ಹರಳೆಣ್ಣೆಯ ಹಣತೆಗಳು ಅಟ್ಟದಿಂದ ಮತ್ತೆ ಕೆಳಗಿಳಿದುವು. ಇವೆಲ್ಲ ಹಳೆಯ ಅಭ್ಯಾಸಗಳೇ ಆಗಿದ್ದರೂ ಈಗ ಅವು ಅಭ್ಯಾಸವಾಗಿ ಬರಲಿಲ್ಲ, ದಂಡನೆಯಾಗಿ ಬಂದುವು. ಯುದ್ಧ ಮುಗಿದು ಪೆಟ್ರೋಲು ಸುಲಭವಾಗಿ ದೊರೆಯತೊಡಗಿದೊಡನೆ ಇದ್ದಿಲಿನ ಕೊಳವಿಗಳು ಹಳೆಯ ಕಬ್ಬಿಣದ ರಾಶಿಗೆ ಸೇರಿದುವು. ಅವನ್ನು ಸುಧಾರಿಸಬೇಕೆಂದಾಗಲಿ ಉಳಿಸಿಕೊಳ್ಳಬೇಕೆಂದಾಗಲಿ ಯಾರಿಗೂ ತೋರಲಿಲ್ಲ. ಅಭಾವವು ಕಲಿಸಿದ ಪಾಠ ಅಭಾವದೊಡನೆಯೇ ಹೋಯಿತು.

4

ಇದಕ್ಕೆ ಪ್ರತಿಯಾಗಿ, ಎಣ್ಣೆಯ ಉಳಿತಾಯದ ಮಾತೇ ಎತ್ತದೆ ಎಣ್ಣೆಯನ್ನು ಉಳಿಸಿದ ಕೆಲಸಗಳನ್ನು ಗಮನಿಸಬೇಕು. ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಮೊದಲು ಹರಿದುದು ಕೋಲಾರದ ಚಿನ್ನದ ಗಣಿಗಳಿಗೆ. ಅಲ್ಲಿಂದ ಮೂರು ವರ್ಷಗಳಲ್ಲಿ, 1905ರ ಆಗಸ್ಟಿನಲ್ಲಿ, ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದಿತು. ಅದುವರೆಗೆ ಸಂಜೆ ಏಣಿ ಹಿಡಿದು ಬಂದು ಕಂಬದ ಸೀಮೆಎಣ್ಣೆಯ ದೀಪಗಳನ್ನು ಹೊತ್ತಿಸುತ್ತಿದ್ದವನ ಕೆಲಸ ಕ್ರಮೇಣ ಇಲ್ಲವಾಯಿತು. ಆ ದೀಪಗಳು ಕುಡಿಯುತ್ತಿದ್ದ ಎಣ್ಣೆಯೂ ಉಳಿಯಿತು. ನಗರದವರು ಅದನ್ನು ಬೆಳಕೆಂದು ಕೊಂಡಾಡಿದರೇ ಹೊರತು ಉಳಿತಾಯವೆಂದು ಎಣಿಸಲಿಲ್ಲ.

ಮುಂಬಯಿಯ ವಿಷಯವೂ ಅದೇ. 1925ರ ಫೆಬ್ರವರಿ 3ರಂದು ಬೋರಿಬಂದರಿನ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಹೊರಟ ರೈಲು ಭಾರತದ ಮೊದಲ ವಿದ್ಯುತ್ ರೈಲು. ಐದು ವರ್ಷಗಳ ಬಳಿಕ, 1930ರ ಜೂನಿನಲ್ಲಿ, ಡೆಕ್ಕನ್ ಕ್ವೀನ್ ಮುಂಬಯಿ-ಪುಣೆಗಳ ನಡುವೆ ಓಡತೊಡಗಿತು. ಮಾಟುಂಗ, ದಾದರ, ಮುಲುಂಡ, ಡೊಂಬಿವಲಿಗಳಿಂದ ಕೋಟೆಯ ಕಚೇರಿಗಳಿಗೆ ಬರುವ ಲಕ್ಷಾಂತರ ಜನರು, ಅವರಲ್ಲಿ ಕನ್ನಡಿಗರೂ, ತಾವು ಇಂಧನವನ್ನು ಉಳಿಸುತ್ತಿರುವೆವೆಂದು ಭಾವಿಸಿ ಆ ರೈಲನ್ನು ಹತ್ತಲಿಲ್ಲ. ಅದಕ್ಕಿಂತ ಸುಲಭವಾದ ದಾರಿ ಬೇರೆ ಇರಲಿಲ್ಲವಾದುದರಿಂದ ಹತ್ತಿದರು. ಮುಂಬಯಿಯ ಅತ್ಯಂತ ದೊಡ್ಡ ಎಣ್ಣೆಯ ಉಳಿತಾಯ ಪ್ರತಿದಿನ ಬೆಳಗ್ಗೆ ನೂಕುನುಗ್ಗಲಿನಲ್ಲಿ, ಯಾರ ಪ್ರಶಂಸೆಯೂ ಇಲ್ಲದೆ, ನಡೆಯುತ್ತಲೇ ಬಂದಿದೆ.

ಇಂಥ ವ್ಯವಸ್ಥೆಯನ್ನು ಕೈಯಾರೆ ಕಳೆದುಕೊಂಡುದೂ ಉಂಟು. ಮದರಾಸಿನಲ್ಲಿ 1895ರಲ್ಲಿಯೇ ವಿದ್ಯುತ್ ಟ್ರಾಮು ಓಡಿತ್ತು. 1953ರಲ್ಲಿ ಅದು ನಿಂತಿತು. ದೆಹಲಿಯ ಟ್ರಾಮು 1963ರಲ್ಲಿ ಹೋಯಿತು. ಮುಂಬಯಿಯಲ್ಲಿ 1874ರಲ್ಲಿ ಕುದುರೆಗಳು ಎಳೆದು, 1907ರಿಂದ ವಿದ್ಯುತ್ತಿನಲ್ಲಿ ನಡೆದ ಟ್ರಾಮು 1964ರ ಮಾರ್ಚ್ 31ರ ರಾತ್ರಿ ಕೊನೆಯ ಬಾರಿ ಓಡಿತು. ಅವುಗಳ ಜಾಗಕ್ಕೆ ಬಂದುದು ಡೀಸೆಲ್ ಬಸ್ಸು. ಆಗ ಎಣ್ಣೆ ಅಗ್ಗ. ಟ್ರಾಮು ರಸ್ತೆಗೆ ಅಡ್ಡಿಯೆಂದು ಜನರಿಗೆ ತೋರಿತು. ಆದರೆ ಮುಂಬಯಿಯ ಕೊನೆಯ ಟ್ರಾಮು ನಿಂತು ಹತ್ತು ವರ್ಷ ತುಂಬುವುದರೊಳಗೆ ಎಣ್ಣೆಯ ಬೆಲೆ ಲೋಕವನ್ನೇ ನಡುಗಿಸಿತು.

5

1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯದಲ್ಲಿ ಯುದ್ಧ ಆರಂಭವಾಯಿತು. ಅರಬ್ ರಾಷ್ಟ್ರಗಳು ತೈಲವನ್ನು ಆಯುಧವಾಗಿ ಹಿಡಿದುವು. ಅಕ್ಟೋಬರಿನ ಆರಂಭದಲ್ಲಿ ಪೀಪಾಯಿಗೆ 3 ಡಾಲರಿನಷ್ಟಿದ್ದ ಕೊಲ್ಲಿಯ ಕಚ್ಚಾ ತೈಲದ ಘೋಷಿತ ಬೆಲೆ 1974ರ ಜನವರಿ 1ಕ್ಕೆ 11.65 ಡಾಲರಾಯಿತು. ಮೂರೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟು!

ಶ್ರೀಮಂತ ರಾಷ್ಟ್ರಗಳು ಅಭ್ಯಾಸಗಳನ್ನು ಬದಲಿಸತೊಡಗಿದುವು. ಹಾಲೆಂಡಿನಲ್ಲಿ 1973ರ ನವೆಂಬರ್ 4ರಿಂದ ಕೆಲವು ಭಾನುವಾರಗಳಂದು ಕಾರುಗಳು ರಸ್ತೆಗೆ ಬರಲಿಲ್ಲ. ಹೆದ್ದಾರಿಗಳಲ್ಲಿ ಮಕ್ಕಳು ಸೈಕಲ್ ಬಿಟ್ಟರು. ಪಶ್ಚಿಮ ಜರ್ಮನಿಯೂ ಅದನ್ನೇ ಅನುಸರಿಸಿತು. ಅಮೆರಿಕವು 1974ರ ಜನವರಿಯಲ್ಲಿ ವಾಹನಗಳ ವೇಗವನ್ನು ಗಂಟೆಗೆ 55 ಮೈಲಿಗೆ ಮಿತಗೊಳಿಸುವ ಶಾಸನವನ್ನು ಮಾಡಿತು. ಅಗ್ಗದ ಕಾಲ ಮರಳಿದಾಗ ಅದು ಸಡಿಲಗೊಂಡು, 1995ರಲ್ಲಿ ರದ್ದಾಯಿತು. ಹಾಲೆಂಡಿನ ಕಾರಿಲ್ಲದ ಭಾನುವಾರಗಳೂ ಕೆಲವೇ ತಿಂಗಳಲ್ಲಿ ಮುಗಿದುವು. ಆದರೆ ಆ ದೇಶವು ಅದೇ ದಶಕದಲ್ಲಿ ಸೈಕಲ್ಲಿಗೆಂದೇ ಪ್ರತ್ಯೇಕ ದಾರಿಗಳನ್ನು ಕಟ್ಟತೊಡಗಿತು. ಭಾನುವಾರದ ವ್ರತ ಮುಗಿಯಿತು, ದಾರಿ ಉಳಿಯಿತು. ದಾರಿ ಉಳಿದುದರಿಂದ ಅಭ್ಯಾಸವೂ ಉಳಿಯಿತು.

ಭಾರತದಲ್ಲಿ ಪೆಟ್ರೋಲಿನ ಬೆಲೆ ಏರಿದಾಗ, 1973ರ ನವೆಂಬರ್ 12ರಂದು, ಅಟಲ ಬಿಹಾರಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಕುಳಿತು ಪಾರ್ಲಿಮೆಂಟಿಗೆ ಬಂದರು. ಅದು ಬೆಲೆಯೇರಿಕೆಗೆ ವಿರೋಧ ಪಕ್ಷದ ಪ್ರತಿಭಟನೆ. ದೇಶದ ಬಹುಪಾಲು ಜನರಿಗೆ ಎತ್ತಿನ ಗಾಡಿ ಆಗ ಪ್ರತಿಭಟನೆಯ ಚಿಹ್ನೆಯಲ್ಲ, ನಿತ್ಯದ ವಾಹನವೇ ಆಗಿತ್ತೆಂಬುದನ್ನು ಮರೆಯಬಾರದು. ಪೆಟ್ರೋಲಿನ ಬಳಕೆ ಆ ಬೆಲೆಯಿಂದ ಕೆಲವು ಕಾಲ ಕುಗ್ಗಿತು. ಆದರೆ ಕಾರು ಸ್ಕೂಟರುಗಳು ಕಡಮೆಯಿದ್ದ ದೇಶದಲ್ಲಿ ಪೆಟ್ರೋಲು ಒಟ್ಟು ಎಣ್ಣೆಯ ಸಣ್ಣದೊಂದು ಭಾಗ. ದೊಡ್ಡ ಭಾಗಗಳು ಲಾರಿಯ ಡೀಸೆಲ್ ಮತ್ತು ಮನೆಯ ಸೀಮೆಎಣ್ಣೆ.

ಸರಕಾರವು ಈ ಕಡೆಗೂ ಗಮನ ಕೊಟ್ಟಿತು. ಫರೀದಾಬಾದಿನ ಇಂಡಿಯನ್ ಆಯಿಲ್ ಸಂಶೋಧನಾಲಯವು ರೂಪಿಸಿದ ‘ನೂತನ್’ ಎಂಬ ಬತ್ತಿಯ ಸ್ಟೋವು 1977ರಲ್ಲಿ ಮಾರುಕಟ್ಟೆಗೆ ಬಂದಿತು. ಅಷ್ಟೇ ಅಡಿಗೆಗೆ ಅದು ಹಳೆಯ ಸ್ಟೋವುಗಳಿಗಿಂತ ಕಡಮೆ ಎಣ್ಣೆ ಕುಡಿಯುತ್ತಿತ್ತು. 1978ರಲ್ಲಿ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನ ಸಂಸ್ಥೆ ಸ್ಥಾಪಿತವಾಯಿತು. ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದಲ್ಲಿ ಹೋಗಿರಿ, ಚಕ್ರದ ಗಾಳಿಯನ್ನು ನೋಡಿಕೊಳ್ಳಿರಿ, ಸಿಗ್ನಲಿನಲ್ಲಿ ಎಂಜಿನ್ ನಿಲ್ಲಿಸಿರಿ, ಪಾತ್ರೆಗೆ ಮುಚ್ಚಳವಿಟ್ಟು ಬೇಯಿಸಿರಿ ಎಂದು ಆ ಸಂಸ್ಥೆ ಅಂದಿನಿಂದ ಹೇಳುತ್ತ ಬಂದಿದೆ. ಈ ಮಾತುಗಳೆಲ್ಲ ಸತ್ಯ. ಮುಚ್ಚಳದ ಮಾತನ್ನೂ ಬೇಳೆಯನ್ನು ನೆನೆಹಾಕುವ ಮಾತನ್ನೂ ಯಾವ ಅಜ್ಜಿಗೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಇಡೀ ದೇಶದ ಎಣ್ಣೆಯ ಹೊರೆಯನ್ನು ಗೃಹಿಣಿಯ ಮುಚ್ಚಳದ ಮೇಲೆ ಹೇರುವುದು ನ್ಯಾಯವೇ ಎಂಬ ಪ್ರಶ್ನೆ ಉಳಿಯಿತು.

6

ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರ ಬಂದುದು ಬೆಂಗಳೂರಿನಿಂದ. ಭಾರತೀಯ ವಿಜ್ಞಾನ ಮಂದಿರದಲ್ಲಿ ವಿದ್ಯುದ್ರಸಾಯನದ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರು (1930-2006) 1974ರಲ್ಲಿ ‘ಅಸ್ತ್ರ’ ಎಂಬ ಘಟಕವನ್ನು ಸ್ಥಾಪಿಸಿದರು. ವಿಜ್ಞಾನ ತಂತ್ರಜ್ಞಾನಗಳನ್ನು ಗ್ರಾಮಗಳಿಗೆ ಅನ್ವಯಿಸುವುದು ಅದರ ಗುರಿ. ಅಸ್ತ್ರದ ವಿಜ್ಞಾನಿಗಳು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ 56 ಮನೆಗಳ ಹಳ್ಳಿಗೆ ಹೋಗಿ, ಅಲ್ಲಿನ ಜನ ಎಷ್ಟು ಸೌದೆ ಸುಡುತ್ತಾರೆ, ಎಷ್ಟು ಎಣ್ಣೆ ಉರಿಸುತ್ತಾರೆ, ಎಷ್ಟು ಹೊತ್ತು ನೀರು ಹೊರುತ್ತಾರೆ ಎಂಬುದನ್ನೆಲ್ಲ ಅಳೆದರು. ಹಳ್ಳಿಯ ಶಕ್ತಿಯಲ್ಲಿ ಶೇಕಡಾ 80ಕ್ಕೂ ಮಿಕ್ಕು ಸೌದೆಯಿಂದಲೇ ಬರುತ್ತಿತ್ತು. ಸೀಮೆಎಣ್ಣೆಯ ಪಾಲು ಶೇಕಡಾ 2ರಷ್ಟು ಮಾತ್ರ. ಅದೂ ಬಹುಮಟ್ಟಿಗೆ ದೀಪಕ್ಕೆ.

ಶೇಕಡಾ 2 ಎಂದರೆ ಅಲ್ಪವೆಂದು ತೋರಬಹುದು. ಆದರೆ ರೆಡ್ಡಿಯವರು ಇದರಲ್ಲಿಯೇ ದೇಶದ ಎಣ್ಣೆಯ ಗಂಟನ್ನು ಕಂಡರು. ಅವರ ವಾದಸರಣಿಯನ್ನು ಹೀಗೆ ಸಂಗ್ರಹಿಸಬಹುದು. ವಿದ್ಯುತ್ತಿಲ್ಲದ ಕೋಟ್ಯಂತರ ಮನೆಗಳಿಗೆ ಸೀಮೆಎಣ್ಣೆಯೊಂದೇ ಬೆಳಕು. ಆದುದರಿಂದ ಯಾವ ಸರಕಾರವೂ ಅದರ ಬೆಲೆಯನ್ನು ಏರಿಸಲಾರದು. ಸೀಮೆಎಣ್ಣೆಯನ್ನು ಡೀಸೆಲಿಗೆ ಸುಲಭವಾಗಿ ಬೆರೆಸಬಹುದು. ಎರಡರ ಬೆಲೆಗೂ ಬಹಳ ಅಂತರವಾದರೆ ಬಡವನ ದೀಪದ ಎಣ್ಣೆ ಲಾರಿಯ ಹೊಟ್ಟೆಗೆ ಹೋಗುತ್ತದೆ. ಆದುದರಿಂದ ಡೀಸೆಲಿನ ಬೆಲೆಯನ್ನೂ ತಗ್ಗಿಸಿ ಇಡಬೇಕಾಗುತ್ತದೆ. ಡೀಸೆಲ್ ಅಗ್ಗವಾದರೆ, ರೈಲಿನಲ್ಲಿ ಹೋಗಬಹುದಾದ ಸರಕೂ ಲಾರಿಯನ್ನೇರುತ್ತದೆ. ಒಂದು ಟನ್ನು ಸರಕನ್ನು ದೂರಕ್ಕೆ ಸಾಗಿಸಲು ಲಾರಿಗೆ ಬೇಕಾಗುವ ಶಕ್ತಿ ರೈಲಿಗಿಂತ ಎಷ್ಟೋ ಪಾಲು ಹೆಚ್ಚು. ಹೀಗೆ ಗುಡಿಸಲಿನ ಬುಡ್ಡಿದೀಪಕ್ಕೂ ಹೆದ್ದಾರಿಯ ಲಾರಿಗೂ, ಲಾರಿಗೂ ದೇಶದ ವಿದೇಶಿ ವಿನಿಮಯಕ್ಕೂ ನಂಟು ಬೆಳೆದಿದೆ.

ಹಾಗಾದರೆ ಎಣ್ಣೆಯನ್ನು ಉಳಿಸುವ ಮೊದಲ ಹೆಜ್ಜೆ ಯಾವುದು? ಪ್ರತಿಯೊಂದು ಮನೆಗೂ ವಿದ್ಯುದ್ದೀಪವನ್ನು ಕೊಡುವುದು. ಬೆಳಕಿಗೆ ಬೇರೆ ದಾರಿಯಾದ ಮೇಲೆ ಸೀಮೆಎಣ್ಣೆಯ ಅಗ್ಗದ ಬೆಲೆಗೆ ಕಾರಣ ಉಳಿಯದು. ಆಗ ಡೀಸೆಲಿನ ಬೆಲೆಯನ್ನೂ ಸರಿಪಡಿಸಬಹುದು. ದೂರದ ಸರಕನ್ನು ರೈಲಿಗೆ ತಿರುಗಿಸಬಹುದು. 1980ರ ಆಸುಪಾಸಿನಲ್ಲಿ ರೆಡ್ಡಿಯವರು ಮುಂದಿಟ್ಟ ಈ ವಿಚಾರದ ವೈಶಿಷ್ಟ್ಯವೇನೆಂದರೆ, ಅದು ಬಡವನಿಗೆ ‘ಕಡಮೆ ಉರಿಸು’ ಎನ್ನಲಿಲ್ಲ; ‘ಹೆಚ್ಚು ಬೆಳಕನ್ನು ತೆಗೆದುಕೊ’ ಎಂದಿತು. ಜನರಿಗೆ ಬೇಕಾದುದು ಎಣ್ಣೆಯಲ್ಲ. ಬೆಳಕು, ಬೆಂದ ಅನ್ನ, ಊರಿಂದೂರಿಗೆ ಹೋಗುವ ಅನುಕೂಲ. ಅವನ್ನು ಕಡಮೆ ಎಣ್ಣೆಯಿಂದ ಒದಗಿಸುವುದೇ ನಿಜವಾದ ಉಳಿತಾಯವೆಂಬುದು ಅವರ ನಿಲುವು.

ಪುರದಲ್ಲಿ ಇದರ ಪ್ರಯೋಗವೂ ನಡೆಯಿತು. 1987ರಲ್ಲಿ ಅಲ್ಲಿನ ಸಮುದಾಯದ ಗೋಬರ್ ಗ್ಯಾಸ್ ಸ್ಥಾವರದಿಂದ ವಿದ್ಯುತ್ತು ಹುಟ್ಟಿತು. ಗ್ಯಾಸಿನೊಡನೆ ಸ್ವಲ್ಪವೇ ಡೀಸೆಲನ್ನು ಬಳಸುವ ಎಂಜಿನ್ ಊರಿನ ದೀಪಗಳನ್ನು ಬೆಳಗಿ, ಕೊಳವೆಬಾವಿಯ ನೀರನ್ನು ಎತ್ತಿ ನಲ್ಲಿಗಳಿಗೆ ಹರಿಸಿತು. ಸಗಣಿಯನ್ನು ತಂದು ತೂಗಿಸಿದವರಿಗೆ ತೂಕಕ್ಕೆ ತಕ್ಕಷ್ಟು ಕಾಸು. ಗ್ಯಾಸು ತೆಗೆದ ಮೇಲಿನ ಬಗ್ಗಡವೂ ಗೊಬ್ಬರವಾಗಿ ಅವರಿಗೇ ವಾಪಸು. ಸೀಮೆಎಣ್ಣೆಯ ಡಬ್ಬದಲ್ಲಿ ಕಂಡ ಬೆಲೆ, ಕೆಲಸಗಾರ, ಗಿರಾಕಿಗಳ ಕೂಟವೇ ಇಲ್ಲಿಯೂ ಕಾಣುತ್ತದೆ. ಆ ಸ್ಥಾವರವು ಮುಂದೆ ನಿಂತುಹೋಯಿತು. ಅದು ನಡೆದಷ್ಟು ಕಾಲ, ಹಳ್ಳಿಯವರು ತಮ್ಮ ಬೆಳಕನ್ನು ತಾವೇ ನಡೆಸಬಲ್ಲರೆಂಬುದನ್ನು ತೋರಿಸಿತು.

7

ರೆಡ್ಡಿಯವರ ಲೆಕ್ಕದ ಅರ್ಧ ಭಾಗ ಈಗ ನಿಜವಾಗಿದೆ. 2017ರಲ್ಲಿ ಆರಂಭವಾದ ಸೌಭಾಗ್ಯ ಯೋಜನೆಯ ವೇಳೆಗೆ ಉಳಿದಿದ್ದ ಮನೆಗಳಿಗೂ ಬಹುಮಟ್ಟಿಗೆ ವಿದ್ಯುತ್ತು ತಲುಪಿತು. ಅಡಿಗೆಗೆ ಗ್ಯಾಸು ಬಂದಿತು. 2010-11ರಲ್ಲಿ ವರ್ಷಕ್ಕೆ 80 ಲಕ್ಷ ಟನ್ನಿಗೂ ಮಿಕ್ಕಿದ್ದ ಸೀಮೆಎಣ್ಣೆಯ ಬಳಕೆ 2022-23ರ ವೇಳೆಗೆ 10 ಲಕ್ಷ ಟನ್ನಿಗೂ ಕೆಳಗಿಳಿಯಿತು. ಯಾರೂ ದೀಪವನ್ನು ಸಣ್ಣದು ಮಾಡಲಿಲ್ಲ, ದೀಪವೇ ಬದಲಾಯಿತು.

ಇನ್ನರ್ಧ ನಿಜವಾಗಲಿಲ್ಲ. ಅಡಿಗೆಯ ಗ್ಯಾಸೂ ಪೆಟ್ರೋಲಿಯಮ್ಮಿನ ವಸ್ತುವೇ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. 1951ರ ಸುಮಾರಿಗೆ ದೇಶದ ಸರಕು ಸಾಗಣೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕು ರೈಲಿನಲ್ಲಿ ಹೋಗುತ್ತಿತ್ತು. ಇಂದು ಮೂರರಲ್ಲೊಂದು ಪಾಲೂ ಹೋಗುವುದಿಲ್ಲ. ರೈಲುಮಾರ್ಗಗಳು ಬಹುತೇಕ ಎಲ್ಲವೂ ವಿದ್ಯುತ್ತಿಗೆ ತಿರುಗಿರುವಾಗ ಸರಕು ಅವನ್ನು ಬಿಟ್ಟು ಹೆದ್ದಾರಿ ಹಿಡಿದಿರುವುದು ವಿಪರ್ಯಾಸ. 1973-74ರಲ್ಲಿ ಸುಮಾರು 220 ಲಕ್ಷ ಟನ್ನಿದ್ದ ಒಟ್ಟು ಪೆಟ್ರೋಲಿಯಂ ಬಳಕೆ 2023-24ರಲ್ಲಿ 2,300 ಲಕ್ಷ ಟನ್ನನ್ನು ದಾಟಿತು.

ಮರುಬಳಕೆಯ ಕಡೆಗೆ ನೋಡಿದರೆ ಅಲ್ಲಿಯೂ ಇದೇ ಪಾಠ. ಎಂಜಿನ್ನಿನ ಕೀಲೆಣ್ಣೆ ಉರಿದು ಮುಗಿಯುವ ವಸ್ತುವಲ್ಲ, ಕೊಳೆಯಾಗುವ ವಸ್ತು. ಕೊಳೆಯನ್ನು ತೆಗೆದು ಮತ್ತೆ ಶುದ್ಧಿ ಮಾಡಿದರೆ ಅದು ಪುನಃ ಕೀಲೆಣ್ಣೆಯಾಗುತ್ತದೆ. ಅಮೆರಿಕದ ಪರಿಸರ ಸಂರಕ್ಷಣ ಇಲಾಖೆ ಕೊಡುವ ಲೆಕ್ಕದಂತೆ 1 ಗ್ಯಾಲನ್ ಹಳೆಯ ಎಣ್ಣೆಯಿಂದ ದೊರೆಯುವಷ್ಟು ಹೊಸ ಕೀಲೆಣ್ಣೆಯನ್ನು ಕಚ್ಚಾ ತೈಲದಿಂದ ಪಡೆಯಬೇಕಾದರೆ 42 ಗ್ಯಾಲನ್, ಎಂದರೆ ಒಂದು ಪೀಪಾಯಿ, ಬೇಕು. ಆ ಪೀಪಾಯಿಯಿಂದ ಪೆಟ್ರೋಲು ಡೀಸೆಲುಗಳೂ ಬರುವುದರಿಂದ ಇದನ್ನು ಪೂರ್ತಿ ಉಳಿತಾಯವೆಂದು ಬರೆಯಲಾಗದು. ಆದರೂ ಅಂತರ ದೊಡ್ಡದು. ಗ್ಯಾರೇಜುಗಳಿಂದ ಈ ಎಣ್ಣೆಯನ್ನು ಕೊಳ್ಳುವವರು ಹಿಂದಿನಿಂದಲೂ ಇದ್ದಾರೆ. ಆದರೆ ಅದು ಶುದ್ಧಿಗೆ ಹೋಗುವ ಬದಲು ಎಷ್ಟೋ ಸಲ ಕುಲುಮೆಗಳಲ್ಲಿ ಉರಿದುಹೋಗುತ್ತದೆ, ಇಲ್ಲವೆ ಚರಂಡಿಗೆ ಸೇರಿ ನೀರನ್ನು ಕೆಡಿಸುತ್ತದೆ. ಕೀಲೆಣ್ಣೆಯನ್ನು ಮಾಡುವವರೇ ಹಳೆಯದರ ಮರುಶುದ್ಧಿಗೂ ಹೊಣೆಯಾಗಬೇಕೆಂಬ ನಿಯಮವು 2023ರಲ್ಲಿ ಹೊರಟು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಹೊಣೆಯನ್ನು ಬಳಸುವವನಿಂದ ಮಾಡುವವನ ಕಡೆಗೆ ಸರಿಸಿದುದು ಸರಿಯಾದ ಹೆಜ್ಜೆ.

ಹೊರನಾಡ ಕನ್ನಡಿಗರಿಗೆ ಹೆಚ್ಚು ಹತ್ತಿರದ ಉದಾಹರಣೆ ಹೋಟೆಲಿನ ಬಾಣಲೆ. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ದಿನವೂ ವಡೆ, ಪೂರಿ ಕರಿದು ಮಿಕ್ಕ ಎಣ್ಣೆಯ ಗತಿಯೇನು? ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹಾನಿಕರ ದ್ರವ್ಯಗಳು ಹುಟ್ಟುತ್ತವೆ. ಅವುಗಳ ಅಳತೆ ಶೇಕಡಾ 25ನ್ನು ಮೀರಿದರೆ ಆ ಎಣ್ಣೆಯನ್ನು ಅಡಿಗೆಗೆ ಬಳಸಕೂಡದೆಂದು 2018ರ ಜುಲೈ 1ರಿಂದ ಆಹಾರ ಸುರಕ್ಷಾ ಪ್ರಾಧಿಕಾರದ ನಿಯಮವಿದೆ. ಅದೇ ವರ್ಷ ಆ ಪ್ರಾಧಿಕಾರವು ಅಂಥ ಎಣ್ಣೆಯನ್ನು ಹೋಟೆಲುಗಳಿಂದ ಕೊಂಡು ಜೈವಿಕ ಡೀಸೆಲ್ ಮಾಡುವ ಏರ್ಪಾಡಿಗೂ ಕೈಹಾಕಿತು. ನಿಯಮವಿದ್ದು ಕೊಳ್ಳುವವನು ಬಾರದಿದ್ದರೆ ಆ ಕಪ್ಪೆಣ್ಣೆ ಬೀದಿಯ ಸಣ್ಣ ಬಾಣಲೆಗೆ ಇಳಿದು ಬಡವನ ಹೊಟ್ಟೆ ಸೇರುತ್ತದೆ. ಕೊಳ್ಳುವವನು ತಪ್ಪದೆ ಬಂದರೆ ಲಾರಿಯ ಎಂಜಿನ್ ಸೇರುತ್ತದೆ. ಎರಡರ ನಡುವಿನ ವ್ಯತ್ಯಾಸ ಹೋಟೆಲಿನವನ ಸದ್ಗುಣವೊಂದರ ಮೇಲೆಯೇ ನಿಂತಿಲ್ಲ. ಬಾಗಿಲಿಗೆ ಯಾರು ಬರುತ್ತಾರೆ, ಎಷ್ಟು ಬೆಲೆ ಕೊಡುತ್ತಾರೆ ಎಂಬುದರ ಮೇಲೆ ನಿಂತಿದೆ.

8

ಮೇಲಿನ ಪ್ರಸಂಗಗಳನ್ನು ಒಟ್ಟುಗೂಡಿಸಿದರೆ ಒಂದು ತೀರ್ಮಾನ ದೊರೆಯುತ್ತದೆ. ಅಭಾವದ ಭಯದಿಂದ ಹುಟ್ಟಿದ ಮಿತವ್ಯಯ ಅಭಾವ ಕಳೆದೊಡನೆ ಹೋಯಿತು: ಇದ್ದಿಲಿನ ಬಸ್ಸು, ಕಾರಿಲ್ಲದ ಭಾನುವಾರ, 55 ಮೈಲಿಯ ಮಿತಿ ಇದಕ್ಕೆ ಸಾಕ್ಷಿ. ಉಳಿತಾಯವೇ ಸುಲಭದ ದಾರಿಯಾಗುವಂಥ ಕಟ್ಟೋಣವಿದ್ದಲ್ಲಿ ಅದು ತಲೆಮಾರುಗಳ ಕಾಲ ನಿಂತಿತು: ಮುಂಬಯಿಯ ರೈಲು, ಹಾಲೆಂಡಿನ ಸೈಕಲ್ ದಾರಿ, ಹಳ್ಳಿಯ ವಿದ್ಯುದ್ದೀಪ ಇದಕ್ಕೆ ಸಾಕ್ಷಿ.

ಇದರಿಂದ ಮನೆಯ ಅಭ್ಯಾಸಗಳು ನಿಷ್ಪ್ರಯೋಜಕವೆಂದು ಯಾರೂ ತಿಳಿಯಬಾರದು. ಪಾತ್ರೆಗೆ ಮುಚ್ಚಳವಿಡುವವರು, ನಾಲ್ಕು ಹೆಜ್ಜೆಯ ದೂರಕ್ಕೆ ಸ್ಕೂಟರ್ ತೆಗೆಯದವರು ಇಲ್ಲದಿದ್ದರೆ ಯಾವ ವ್ಯವಸ್ಥೆಯೂ ನಡೆಯದು. ಆದರೆ ಅಭ್ಯಾಸವೆಂಬುದು ಬಳ್ಳಿ. ಹಬ್ಬುವುದಕ್ಕೆ ಅದಕ್ಕೊಂದು ಚಪ್ಪರ ಬೇಕು. ಚಪ್ಪರವನ್ನು ಹಾಕದೆ ಬಳ್ಳಿ ನೆಲದಲ್ಲಿ ಹರಿದಾಡುತ್ತಿದೆಯೆಂದು ದೂರುವುದು ತಪ್ಪು. ನಗರಗಳಲ್ಲಿ ನಡೆಯುವುದಕ್ಕೆ ಪಾದಚಾರಿಯ ದಾರಿಯಿಲ್ಲ, ಬಸ್ಸುಗಳು ಸಾಲವು, ಹಳೆಯ ಎಣ್ಣೆಯನ್ನು ಕೊಡುವುದಕ್ಕೆ ಹತ್ತಿರದಲ್ಲಿ ಎಡೆಯಿಲ್ಲ. ಹೀಗಿರುವಾಗ ಪ್ರಜೆಯ ದುಂದನ್ನಷ್ಟೇ ಎತ್ತಿ ಆಡುವುದು ಅರ್ಧ ಸತ್ಯ. ಉಳಿಸಬೇಕೆನ್ನುವ ಜನರು ತಾವು ಉಳಿಸುವುದರ ಜೊತೆಗೆ ಉಳಿಸುವ ದಾರಿಯನ್ನು ಕಟ್ಟಿಕೊಡಬೇಕೆಂದು ಕೇಳಬೇಕಾಗಿದೆ. ಇದ್ದ ದಾರಿಯನ್ನು ಟ್ರಾಮಿನಂತೆ ಕಿತ್ತುಹಾಕುವಾಗ ಸುಮ್ಮನಿರಬಾರದು.

ಒಂದಾನೊಂದು ಕಾಲದಲ್ಲಿ ಹರಳೆಣ್ಣೆಯ ಮಸಿಯೂ ವ್ಯರ್ಥವಾಗಲಿಲ್ಲ. ಆ ಕಾಲಕ್ಕೆ ಮರಳುವುದು ಸಾಧ್ಯವಲ್ಲ. ಮಂಕು ದೀಪದಡಿ ಕಣ್ಣು ಕಿರಿದು ಮಾಡಿ ಓದಿದವರ ಮಕ್ಕಳು ಅದನ್ನು ಬಯಸಲೂಬಾರದು. ಆದರೆ ಆ ಮನೆವಾರ್ತೆಯ ಒಂದು ಅಂಶ ಇಂದಿಗೂ ಸಲ್ಲುತ್ತದೆ. ಅಲ್ಲಿ ಪ್ರತಿಯೊಂದು ವಸ್ತುವಿಗೂ ತನ್ನ ಕೆಲಸ ಮುಗಿದ ಮೇಲೆ ಹೋಗಬೇಕಾದ ಜಾಗವೊಂದು ಮೊದಲೇ ಗೊತ್ತಾಗಿರುತ್ತಿತ್ತು. ಹಿಂಡಿಗೆ ಹೊಲವಿದ್ದಂತೆ, ಡಬ್ಬಕ್ಕೆ ತಗಡಿನ ಕೆಲಸಗಾರನಿದ್ದಂತೆ, ಇಂದಿನ ಎಣ್ಣೆಗೂ ಅಂಥ ಜಾಗಗಳನ್ನು ಗೊತ್ತುಮಾಡಿದರೆ ಅಭ್ಯಾಸ ತಾನಾಗಿಯೇ ಹಿಂಬಾಲಿಸುವುದು.